ಫೋಟೋದ ಹಿಂದಿನ ಹೆಸರು



ನಿಮ್ಮ ಮನೆಯಲ್ಲಿ ಹಳೆಯ ಫೋಟೋ ಇದೆಯೇ? ಗೋಡೆಯ ಮೇಲೆ ಇರಬಹುದು. ಟ್ರಂಕಿನಲ್ಲಿ ಇರಬಹುದು. ಫೋಟೋದ ಮುಂಭಾಗವನ್ನು ಎಲ್ಲರೂ ನೋಡುತ್ತೇವೆ. ಹಿಂಭಾಗ ತಿರುಗಿಸಿ ನೋಡಿದ್ದೀರಾ? ಈ ಪಾಠದ ಅಜ್ಜಿ ನೋಡಿದರು. ಬನ್ನಿ, ಅವರ ಕಥೆ ಓದೋಣ.

1. ಟ್ರಂಕಿನಲ್ಲಿ ಸಿಕ್ಕ ಫೋಟೋ

ಮಂಡ್ಯ ಕಡೆಯ ಒಂದು ಹಳ್ಳಿ. ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಚಿಕ್ಕಂದಿನಲ್ಲಿ ಅವರು ಶಾಲೆಗೆ ಹೋಗಲಿಲ್ಲ. ತಮ್ಮನನ್ನು ಎತ್ತಿಕೊಂಡು ಮನೆ ಕಾದರು. ಹೋದ ವರ್ಷ ಊರಿನ ಕಲಿಕಾ ಕೇಂದ್ರಕ್ಕೆ ಸೇರಿದರು. ಈಗ ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತಾರೆ.

ಒಂದು ಭಾನುವಾರ ಮೊಮ್ಮಗಳು ಅಟ್ಟದ ಮೇಲಿನ ಟ್ರಂಕು ಇಳಿಸಿದಳು. ಅವಳು ಪೇಟೆಯ ಕಾಲೇಜಿನಲ್ಲಿ ಓದುವ ಹುಡುಗಿ. ಟ್ರಂಕಿನ ತಳದಲ್ಲಿ ಒಂದು ಕಪ್ಪು ಬಿಳುಪು ಫೋಟೋ ಸಿಕ್ಕಿತು.

ಫೋಟೋದ ನಡುವೆ ಒಂದು ಕಾರು. ಗುಂಡನೆಯ ಬೆನ್ನು. ಎರಡು ದೊಡ್ಡ ದೀಪ. ಕಾರಿಗೆ ಹೂವಿನ ಹಾರ ಹಾಕಿದ್ದಾರೆ. ಪೇಟ ಕಟ್ಟಿದ ಗಂಡು ಕಾರಿಗೆ ಒರಗಿ ನಿಂತಿದ್ದಾನೆ. ಪಕ್ಕದಲ್ಲಿ ಇನ್ನೂ ನಾಲ್ಕು ಗಂಡಸರು. ಬಾಗಿಲು ಹಿಡಿದು ಡ್ರೈವರ್ ನಿಂತಿದ್ದಾನೆ. ಒಂದು ಮೂಲೆಯಲ್ಲಿ ತಲೆ ಬಗ್ಗಿಸಿದ ಹುಡುಗಿ.

"ಅಜ್ಜಿ, ಇದು ನಿನ್ನ ಮದುವೆ ಫೋಟೋನಾ? ಅಂಬಾಸಿಡರ್ ಕಾರು! ಎಷ್ಟು ಚೆನ್ನಾಗಿದೆ!"

"ಹೂಂ ಮಗಾ, ನನ್ನ ಮದುವೇದೇ. ಆ ಮೂಲೇಲಿ ಇರೋಳು ನಾನೇ. ಆಗ ನಂಗೆ ಹದಿನೇಳು ವರ್ಷ."

"ಆ ಕಾಲವೇ ಚೆಂದ ಅಲ್ವಾ ಅಜ್ಜಿ? ಫೋನಲ್ಲಿ ಎಲ್ಲಾರೂ ಹಂಗೇ ಹೇಳ್ತಾರೆ. ಹಳೇ ಕಾರು, ಹಳೇ ರೇಡಿಯೋ, ಹಳೇ ಹಾಡು. ಆಗ ಎಲ್ಲಾ ಸುಖವಾಗಿದ್ರಂತೆ."

ಅಜ್ಜಿ ನಕ್ಕರು. ಏನೂ ಹೇಳಲಿಲ್ಲ. ಫೋಟೋ ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿದರು. ಅಲ್ಲಿ ನೀಲಿ ಶಾಯಿಯಲ್ಲಿ ಏನೋ ಬರೆದಿತ್ತು. ಐವತ್ತು ವರ್ಷ ಆ ಫೋಟೋ ಅವರ ಟ್ರಂಕಿನಲ್ಲೇ ಇತ್ತು. ಆ ಬರಹವನ್ನು ಅವರು ಒಂದು ಸಲವೂ ಓದಿರಲಿಲ್ಲ. ಈಗ ಬೆರಳಿಟ್ಟು ಓದತೊಡಗಿದರು.

"ಮ...ದು...ವೆ... ಮದುವೆ ದಿನ. 1974."

ಆಮೇಲೆ ಗಂಡನ ಹೆಸರು ಇತ್ತು. ಮೈದುನನ ಹೆಸರು ಇತ್ತು. ನೆಂಟರ ಹೆಸರು ಇತ್ತು. ಡ್ರೈವರ್ ಹೆಸರೂ ಇತ್ತು. ಕಾರಿನ ನಂಬರೂ ಇತ್ತು. ಕೊನೆಯಲ್ಲಿ ಎರಡು ಪದ ಇದ್ದವು.

"ಮತ್ತು ಹೆಣ್ಣು."

ಅಜ್ಜಿ ಇನ್ನೊಮ್ಮೆ ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಕಾರಿನ ನಂಬರ್ ಬರೆದವ್ರೆ. ನನ್ನ ಹೆಸರು ಬರೆದಿಲ್ಲವಲ್ಲ ಮಗಾ!"

ಮೊಮ್ಮಗಳು ಸುಮ್ಮನಾದಳು.

2. ಕಲಿಕಾ ಕೇಂದ್ರದಲ್ಲಿ

ಮರುದಿನ ಸಂಜೆ ಅಜ್ಜಿ ಆ ಫೋಟೋವನ್ನು ಕೇಂದ್ರಕ್ಕೆ ತಂದರು. ಮೊಮ್ಮಗಳೂ ಜೊತೆಗೆ ಬಂದಳು. ಹೆಂಗಸರೆಲ್ಲ ಫೋಟೋದ ಸುತ್ತ ಕೂತರು.

"ಟೀಚರಮ್ಮಾ, ಈ ಕಾರಿನ ಕಥೆ ಹೇಳಿ. ನನ್ನ ಕಥೆ ನಾನು ಹೇಳ್ತೀನಿ" ಎಂದರು ಅಜ್ಜಿ.

ಟೀಚರ್ ಹೇಳತೊಡಗಿದರು.

"1939ರಿಂದ 1945ರವರೆಗೆ ಎರಡನೇ ಮಹಾಯುದ್ಧ ನಡೆಯಿತು. ಆಗ ನಮ್ಮ ದೇಶವನ್ನು ಬ್ರಿಟಿಷರು ಆಳುತ್ತಿದ್ದರು. ಪೆಟ್ರೋಲ್ ಎಲ್ಲಾ ಯುದ್ಧಕ್ಕೆ ಹೋಗುತ್ತಿತ್ತು. ಜನರಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಬಸ್ಸುಗಳನ್ನು ಇದ್ದಿಲಿನ ಗ್ಯಾಸಿನಿಂದ ಓಡಿಸಿದರು. ಬಸ್ಸಿಗೆ ಒಂದು ದೊಡ್ಡ ಒಲೆ ಕಟ್ಟುತ್ತಿದ್ದರು. ಅದರಲ್ಲಿ ಇದ್ದಿಲು ಉರಿಸಿ, ಗಾಳಿ ಹಾಕಿ, ಗ್ಯಾಸು ಬರಿಸಬೇಕು. ಆಮೇಲೆ ಬಸ್ಸು ಹೊರಡಬೇಕು."

"ನಮ್ಮಪ್ಪ ಹೇಳ್ತಿದ್ರು. ಏರು ಬಂದ್ರೆ ಜನ ಇಳಿದು ಬಸ್ಸು ತಳ್ತಿದ್ರಂತೆ" ಎಂದರು ಅಜ್ಜಿ. ಎಲ್ಲರೂ ನಕ್ಕರು.

"1945ರಲ್ಲಿ ಯುದ್ಧ ಮುಗಿಯಿತು. 1947ರಲ್ಲಿ ಸ್ವಾತಂತ್ರ್ಯ ಬಂತು. 1948ರ ಸೆಪ್ಟೆಂಬರ್ 12ರಂದು ನಮ್ಮ ಮೈಸೂರು ಸರ್ಕಾರ ತನ್ನದೇ ಬಸ್ಸು ಓಡಿಸಲು ಶುರು ಮಾಡಿತು. ಆಗ ಇದ್ದದ್ದು 120 ಬಸ್ಸು. ಅದೇ ಬೆಳೆದು ಇವತ್ತಿನ ಕೆ.ಎಸ್.ಆರ್.ಟಿ.ಸಿ. ಆಯಿತು.

"ಇನ್ನು ಕಾರಿನ ವಿಷಯ. ಹೊರದೇಶದಿಂದ ಕಾರು ತಂದರೆ ನಮ್ಮ ದೇಶದ ಹಣ ಹೊರಗೆ ಹೋಗುತ್ತದೆ. ಅದಕ್ಕೆ ಸರ್ಕಾರ ತಡೆ ಹಾಕಿತು. ಕಾರನ್ನು ಇಲ್ಲೇ ಮಾಡಿ ಎಂದಿತು. ಕಲ್ಕತ್ತಾ ಹತ್ತಿರ ಉತ್ತರಪಾರಾ ಎಂಬ ಊರಿದೆ. ಅಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ ಇತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯಲ್ಲೇ 1957-58ರಲ್ಲಿ ಅಲ್ಲಿ ಅಂಬಾಸಿಡರ್ ಕಾರು ಬಂತು. ಮುಂಬೈಯಲ್ಲಿ ಇಟಲಿ ದೇಶದ ಫಿಯೆಟ್ ಕಾರು ತಯಾರಾಗುತ್ತಿತ್ತು. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ತಯಾರಾಗುತ್ತಿತ್ತು. ಬಹಳ ಕಾಲ ದೇಶದಲ್ಲಿ ಸಿಗುತ್ತಿದ್ದ ಕಾರು ಹೆಚ್ಚು ಕಡಿಮೆ ಈ ಮೂರೇ."

"ದುಡ್ಡು ಇದ್ರೆ ಸಾಕಿತ್ತಾ ಟೀಚರ್?" ಎಂದು ಒಬ್ಬರು ಕೇಳಿದರು.

"ಸಾಲದು ಅಕ್ಕ. ಮುಂಗಡ ಹಣ ಕಟ್ಟಿ ಹೆಸರು ಬರೆಸಬೇಕಿತ್ತು. ಆಮೇಲೆ ವರ್ಷಗಟ್ಟಲೆ ಕಾಯಬೇಕಿತ್ತು. ಮಂತ್ರಿಗಳು, ದೊಡ್ಡ ಅಧಿಕಾರಿಗಳು ಬಿಳಿ ಅಂಬಾಸಿಡರ್‌ನಲ್ಲಿ ಓಡಾಡುತ್ತಿದ್ದರು. ಪೇಟೆಯಲ್ಲಿ ಅದೇ ಕಾರು ಟ್ಯಾಕ್ಸಿಯಾಗಿ ಓಡುತ್ತಿತ್ತು. ಕಾರು ಗಟ್ಟಿ. ಕೆಟ್ಟರೆ ರಸ್ತೆ ಬದಿಯ ಮೆಕ್ಯಾನಿಕ್ಕೇ ರಿಪೇರಿ ಮಾಡುತ್ತಿದ್ದ. ಬ್ಯಾಟರಿ ಕೈಕೊಟ್ಟರೆ ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು.

"1970ರ ದಶಕದಲ್ಲಿ ಮುಂಬೈಯ ಫಿಯೆಟ್ ಕಾರಿಗೆ ಪದ್ಮಿನಿ ಎಂದು ಹೊಸ ಹೆಸರು ಇಟ್ಟರು. ಅದು ರಾಜಸ್ಥಾನದ ಕಥೆಯಲ್ಲಿ ಬರುವ ರಾಣಿಯ ಹೆಸರು."

ಅಜ್ಜಿ ತಲೆ ಎತ್ತಿದರು. "ನೋಡಿ! ಕಾರಿಗೂ ಹೆಣ್ಣಿನ ಹೆಸರು ಇಟ್ರು. ಹೆಣ್ಣಿನ ಹೆಸರು ಬರೆಯೋಕೆ ಮಾತ್ರ ಆಗ್ಲಿಲ್ಲ."

"1983ರ ಡಿಸೆಂಬರ್‌ನಲ್ಲಿ ಮಾರುತಿ 800 ಎಂಬ ಚಿಕ್ಕ ಕಾರು ಬಂತು. ಆಮೇಲೆ ಹಳೆಯ ಕಾರುಗಳಿಗೆ ಬೇಡಿಕೆ ಇಳಿಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತುಹೋಯಿತು. ಈಗ ಅದನ್ನು ಕಂಡರೆ ಜನ ನಿಂತು ಫೋಟೋ ತೆಗೆಯುತ್ತಾರೆ" ಎಂದು ಟೀಚರ್ ಮುಗಿಸಿದರು.

3. ಅಜ್ಜಿ ಹೇಳಿದ ಕಥೆ

ಈಗ ಅಜ್ಜಿಯ ಸರದಿ.

"ಆ ಕಾರು ನಮ್ಮದಲ್ಲ ಕಣ್ರವ್ವ. ಬಾಡಿಗೆದು. ಗಂಡಿನ ಕಡೆಯೋರು ಕಾರು ಬೇಕೇ ಬೇಕು ಅಂದ್ರು. ಎಚ್.ಎಂ.ಟಿ. ವಾಚೂ ಬೇಕು ಅಂದ್ರು. ನಮ್ಮಪ್ಪ ಮನೇಲಿದ್ದ ರಾಗಿ ಮಾರಿ ಕಾರಿನ ಬಾಡಿಗೆ ಕೊಟ್ರು. ವಾಚಿಗೆ ಸಾಲ ಮಾಡಿದ್ರು."

ಟೀಚರ್ ಹೇಳಿದರು: "ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ. ವರದಕ್ಷಿಣೆ ತಡೆಯುವ ಕಾನೂನು ಬಂದದ್ದೂ 1961ರಲ್ಲೇ. ವಾಚು ಊರೂರಿಗೂ ತಲುಪಿತು. ಕಾನೂನು ತಲುಪಲಿಲ್ಲ."

"ನಮಗ್ಯಾರು ಹೇಳ್ತಿದ್ರು?" ಎಂದರು ಅಜ್ಜಿ. "ಕಾರಲ್ಲಿ ಹತ್ತು ಜನ ಕೂತಿದ್ವಿ. ನಾನು ಹಿಂದೆ, ನಡುವೆ. ಕಿಟಕಿ ನಂಗೆ ಕಾಣಲೇ ಇಲ್ಲ. ಊರು ಬಂತು, ಇಳಿ ಅಂದ್ರು. ಇಳಿದೆ. ನಾನು ಕಾರು ಹತ್ತಿದ್ದು ಅವತ್ತೇ ಮೊದಲು."

"ಆಮೇಲೆ ಅಜ್ಜಿ?" ಎಂದಳು ಮೊಮ್ಮಗಳು.

"ಆಮೇಲೆ ಏನು? ಕೋಳಿ ಕೂಗೋ ಹೊತ್ತಿಗೆ ಏಳೋದು. ರಾಗಿ ಬೀಸೋದು. ಬಾವೀಲಿ ನೀರು ಸೇದೋದು. ಸೌದೆ ಒಲೆ ಊದೋದು. ಹೊಗೆಗೆ ಕಣ್ಣೆಲ್ಲಾ ಉರಿ. ರಾತ್ರಿ ಸೀಮೆಎಣ್ಣೆ ಬುಡ್ಡಿ ದೀಪ. ರೇಷನ್ ಅಂಗಡಿ ಮುಂದೆ ಸೀಮೆಎಣ್ಣೆಗೆ ಸಾಲು. ರೇಷನ್ ಕಾರ್ಡಲ್ಲಿ ಏನು ಬರೆದವ್ರೆ ಅಂತ ನಂಗೆ ಗೊತ್ತಿರಲಿಲ್ಲ. ಕೊಟ್ಟಷ್ಟು ತರ್ತಿದ್ದೆ."

"ಸಂತೋಷ ಇರಲೇ ಇಲ್ವಾ?"

"ಯಾಕಿಲ್ಲ ಮಗಾ? ಬೀಸೋವಾಗ ನಾಲ್ಕು ಜನ ಕೂಡಿ ಹಾಡ್ತಿದ್ವಿ. ಪಂಚಾಯ್ತಿ ಕಟ್ಟೇಲಿ ಒಂದು ರೇಡಿಯೋ ಇತ್ತು. ಸಂಜೆ ಊರೆಲ್ಲಾ ಅಲ್ಲೇ. ನಾವು ಹೆಂಗಸರು ದೂರದಲ್ಲಿ ನಿಂತು ಕೇಳ್ತಿದ್ವಿ. ಹರಿದ ಸೀರೇಲಿ ಕೌದಿ ಹೊಲೀತಿದ್ವಿ. ಏನನ್ನೂ ಬಿಸಾಡ್ತಿರಲಿಲ್ಲ. ಒಬ್ಬರ ಮನೇಲಿ ಸಾರು ಇಲ್ಲ ಅಂದ್ರೆ ಇನ್ನೊಬ್ಬರ ಮನೆಯಿಂದ ಬರ್ತಿತ್ತು. ಅದು ನಂಗೆ ಇವತ್ತೂ ನೆನಪಾಗ್ತದೆ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು.

"1976ರಲ್ಲಿ ನಂಗೆ ಮೊದಲನೇ ಹೆರಿಗೆ ನೋವು ಬಂತು. ಮಳೆಗಾಲ. ಎರಡು ದಿನ ಆದ್ರೂ ಹೆರಿಗೆ ಆಗ್ಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಆಸ್ಪತ್ರೆಗೆ ಹನ್ನೆರಡು ಮೈಲಿ. ಊರಲ್ಲಿ ಒಂದೇ ಕಾರು, ಸಾಹುಕಾರ್ರದು. ಅದೂ ಅಂಬಾಸಿಡರ್ರೇ. ನಮ್ಮ ಮನೆಯೋರು ಹೋಗಿ ಕೈಮುಗಿದ್ರು. ಪೆಟ್ರೋಲ್ ದುಬಾರಿ ಆಗದೆ, ರಸ್ತೇಲಿ ಕೆಸರದೆ ಅಂದ್ರಂತೆ. ಕಾರು ಬರಲಿಲ್ಲ."

ಯಾರೂ ಮಾತನಾಡಲಿಲ್ಲ.

"ಎತ್ತಿನ ಗಾಡಿ ಕಟ್ಟಿದ್ರು. ಪಕ್ಕದ ಮನೆ ಅಕ್ಕ ನನ್ನ ತಲೆ ತೊಡೆ ಮೇಲೆ ಇಟ್ಕೊಂಡ್ಳು. ನಾಲ್ಕು ಜನ ಲಾಟೀನು ಹಿಡಿದು ಗಾಡಿ ಮುಂದೆ ನಡೆದ್ರು. ಕೆಸರಲ್ಲಿ ಚಕ್ರ ಹೂತಾಗೆಲ್ಲಾ ಹೆಗಲು ಕೊಟ್ರು. ರಾತ್ರಿಯೆಲ್ಲಾ ನಡೆದ್ರು. ಬೆಳಗ್ಗೆ ಆಸ್ಪತ್ರೆ ಸೇರಿದ್ವಿ. ನಾನು ಉಳಿದೆ. ಮಗು ಉಳೀಲಿಲ್ಲ. ಗಂಡು ಮಗು."

ಮೊಮ್ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. ಈ ಮಾತು ಅವಳಿಗೆ ಯಾರೂ ಹೇಳಿರಲಿಲ್ಲ.

"ಅದಕ್ಕೇ ಮಗಾ, ಆ ಕಾಲ ಚೆಂದ ಅಂದಾಗ ನಾನು ನಕ್ಕೆ. ಚೆಂದ ಇತ್ತು. ಆದ್ರೆ ಯಾರಿಗೆ? ಆ ಕಾರು ನೋಡಿದ್ರೆ ನಂಗೆ ಸಾಹುಕಾರ್ರ ಮನೆ ಬಾಗಿಲು ನೆನಪಾಗ್ತದೆ. ಲಾಟೀನು ಹಿಡಿದು ನಡೆದೋರೂ ನೆನಪಾಗ್ತಾರೆ. ಅವರಿಗೆ ಕಾರಿರಲಿಲ್ಲ. ಅವರ ಫೋಟೋನೂ ಯಾರೂ ತೆಗೀಲಿಲ್ಲ."

4. ಹೆಸರು ಇಲ್ಲದ ಹೆಂಗಸರು

ಟೀಚರ್ ನಿಧಾನವಾಗಿ ಮಾತು ಮುಂದುವರಿಸಿದರು.

"ಅಜ್ಜೀ, ಹೆಸರು ಬಿಟ್ಟುಹೋದದ್ದು ನಿಮ್ಮೊಬ್ಬರದೇ ಅಲ್ಲ. 1951-52ರಲ್ಲಿ ನಮ್ಮ ದೇಶದಲ್ಲಿ ಮೊದಲ ಮಹಾ ಚುನಾವಣೆ ನಡೆಯಿತು. ಗಂಡಸರಿಗೂ ಹೆಂಗಸರಿಗೂ ಸಮನಾಗಿ ಓಟು ಕೊಟ್ಟಿದ್ದರು. ಮತದಾರರ ಪಟ್ಟಿ ಬರೆಯಲು ಮನೆಮನೆಗೆ ಜನ ಹೋದರು. ನಿಮ್ಮ ಹೆಸರು ಏನು ಎಂದು ಕೇಳಿದರು. ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹೊರಗಿನವರಿಗೆ ಹೆಸರು ಹೇಳುವ ರೂಢಿ ಇರಲಿಲ್ಲ. ಹೆಸರು ಇಲ್ಲದಿದ್ದರೆ ಓಟು ಹೇಗೆ? ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಇದು ಹೆಚ್ಚಾಗಿ ಉತ್ತರ ಭಾರತದಲ್ಲಿ ನಡೆಯಿತು."

"ಅಬ್ಬಾ! ಇಪ್ಪತ್ತೆಂಟು ಲಕ್ಷವಾ?" ಎಂದರು ಒಬ್ಬರು.

"ಹೌದು ಅಕ್ಕ. 1951ರ ಜನಗಣತಿಯ ಲೆಕ್ಕ ನೋಡಿ. ಆಗ ನಮ್ಮ ದೇಶದ 100 ಹೆಂಗಸರಲ್ಲಿ ಓದು ಬರಹ ಬಲ್ಲವರು ಸುಮಾರು 9 ಜನ ಮಾತ್ರ. 2011ರ ಜನಗಣತಿಯಲ್ಲಿ 100ಕ್ಕೆ ಸುಮಾರು 65 ಆಯಿತು. ಅಷ್ಟು ಬೆಳೆದೆವು. ಇನ್ನೂ ದೂರ ಹೋಗಬೇಕು."

"ನಾನೂ ಈಗ ಆ ಲೆಕ್ಕಕ್ಕೆ ಸೇರಿದೆ" ಎಂದರು ಅಜ್ಜಿ.

"ಸೇರಿದಿರಿ. ಇನ್ನೊಂದು ಮಾತು. 2008ರಲ್ಲಿ ನಮ್ಮ ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಬಂತು. ಹೆರಿಗೆ ನೋವು ಬಂದರೆ, ಅಪಘಾತ ಆದರೆ, 108ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ. ಯಾರ ಮನೆ ಬಾಗಿಲಲ್ಲೂ ಕೈಮುಗಿಯಬೇಕಾಗಿಲ್ಲ. ಈ ಮೂರು ಅಂಕಿ ಎಲ್ಲರಿಗೂ ಬಾಯಿಪಾಠ ಇರಲಿ. 1, 0, 8."

ಎಲ್ಲರೂ ಸ್ಲೇಟಿನ ಮೇಲೆ 108 ಎಂದು ಬರೆದರು.

5. ಬೋರ್ಡು ಓದಿ ಬಸ್ಸು ಹತ್ತಿದ್ದು

ಅಜ್ಜಿಗೆ ಇನ್ನೂ ಒಂದು ಮಾತು ಹೇಳುವುದಿತ್ತು.

"ಮೊದಲೆಲ್ಲಾ ಪೇಟೆಗೆ ಹೋದ್ರೆ ಬಸ್ ಸ್ಟ್ಯಾಂಡಲ್ಲಿ ಕಂಡೋರನ್ನೆಲ್ಲಾ ಕೇಳ್ತಿದ್ದೆ. ಅಣ್ಣಾ, ಇದು ನಮ್ಮೂರಿಗೆ ಹೋಗ್ತದಾ? ಅಪ್ಪಾ, ಇದು ಯಾವ ಊರಿಂದು? ಒಂದು ಸಲ ಯಾರೋ ಹುಡುಗರು ತಮಾಷೆಗೆ ಬೇರೆ ಬಸ್ಸು ಹತ್ತಿಸಿದ್ರು. ಕತ್ತಲಾದ ಮೇಲೆ ಮನೆ ಸೇರಿದೆ. ಮನೇಲಿ ಬೈಗುಳ ಬೇರೆ."

"ಈಗ?" ಎಂದರು ಟೀಚರ್.

"2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಅಂತ. ಆಗಲೂ ನಂಗೆ ಬೋರ್ಡು ಓದೋಕೆ ಬರ್ತಿರಲಿಲ್ಲ. ಬಸ್ಸು ಇದ್ರೂ ಹೋಗೋಕೆ ಹೆದರಿಕೆ. ಹೋದ ತಿಂಗಳು ಒಬ್ಬಳೇ ಹೋದೆ. ಬಸ್ ಸ್ಟ್ಯಾಂಡಲ್ಲಿ ನಿಂತೆ. ಬಂದ ಬಸ್ಸಿನ ಬೋರ್ಡು ಓದಿದೆ. ಅಲ್ಲ. ಇನ್ನೊಂದು ಬಂತು. ಓದಿದೆ. ಅದೂ ಅಲ್ಲ. ಮೂರನೇದು ನಮ್ಮೂರಿಂದು! ಹತ್ತಿ ಕಿಟಕಿ ಪಕ್ಕ ಕೂತೆ. ದಾರಿಯುದ್ದಕ್ಕೂ ನೋಡ್ಕೊಂಡು ಬಂದೆ. ಮದುವೆ ದಿನ ಕಾಣದೇ ಇದ್ದ ದಾರಿ ಅದೇ. ಈಗ ಕಂಡೆ."

ಹೆಂಗಸರು ಚಪ್ಪಾಳೆ ತಟ್ಟಿದರು.

6. ಪೆನ್ನು ಕೊಡು ಮಗಾ

ರಾತ್ರಿ ಊಟ ಆಯಿತು. ಅಜ್ಜಿ ಮತ್ತೆ ಫೋಟೋ ತೆಗೆದರು. ಹಿಂಭಾಗ ತಿರುಗಿಸಿ ನೆಲದ ಮೇಲೆ ಇಟ್ಟರು.

"ಪೆನ್ನು ಕೊಡು ಮಗಾ."

"ಯಾಕಜ್ಜಿ?"

"ಕೊಡು ಅಂದೆ."

'ಮತ್ತು ಹೆಣ್ಣು' ಎಂದಿದ್ದ ಸಾಲಿನ ಕೆಳಗೆ ಸ್ವಲ್ಪ ಜಾಗ ಇತ್ತು. ಅಲ್ಲಿ ಅಜ್ಜಿ ತಮ್ಮ ಹೆಸರು ಬರೆದರು. ನಿಧಾನವಾಗಿ ಬರೆದರು. ಒಂದು ಅಕ್ಷರ ಸೊಟ್ಟ ಆಯಿತು. ಒತ್ತಕ್ಷರ ಕೆಳಗೆ ಜಾರಿತು. ಅಜ್ಜಿ ಅಳಿಸಲಿಲ್ಲ.

ಮೊಮ್ಮಗಳು ಆ ಹೆಸರನ್ನು ಜೋರಾಗಿ ಓದಿದಳು. ಅಜ್ಜಿಯನ್ನು ಆ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಮ್ಮ, ಅತ್ತೆ, ಅಜ್ಜಿ, ಅಷ್ಟೇ. ತಮ್ಮ ಹೆಸರು ಕೇಳಿ ಅಜ್ಜಿಗೆ ನಗು ಬಂತು.

"ಇನ್ನೂ ಬರೆಯೋದದೆ" ಎಂದರು. "ಗಾಡಿ ಜೊತೆ ಲಾಟೀನು ಹಿಡಿದು ನಡೆದ ನಾಲ್ಕು ಜನರ ಹೆಸರು. ನನ್ನ ತಲೆ ಹಿಡಿದು ಕೂತ ಅಕ್ಕನ ಹೆಸರು. ಇಲ್ಲಿ ಜಾಗ ಸಾಲದು. ನಿನ್ನ ಹಳೇ ನೋಟ್‌ಬುಕ್ ಇದ್ರೆ ಕೊಡು."

ಮೊಮ್ಮಗಳು ಹೊಸ ನೋಟ್‌ಬುಕ್ಕನ್ನೇ ತಂದುಕೊಟ್ಟಳು. ಅಜ್ಜಿ ಮೊದಲ ಪುಟ ತೆರೆದರು.

ಅಭ್ಯಾಸ

ಪದಗಳ ಅರ್ಥ ತಿಳಿಯಿರಿ
ಮುಂಗಡ – ವಸ್ತು ಕೈಗೆ ಬರುವ ಮೊದಲೇ ಕೊಡುವ ಹಣ
ಜನಗಣತಿ – ದೇಶದ ಜನರನ್ನು ಎಣಿಸುವ ಕೆಲಸ
ಮತದಾರರ ಪಟ್ಟಿ – ಓಟು ಹಾಕುವವರ ಹೆಸರು ಇರುವ ಪಟ್ಟಿ
ಲಾಟೀನು – ಗಾಳಿಗೆ ಆರದಂತೆ ಗಾಜು ಇರುವ ಸೀಮೆಎಣ್ಣೆ ದೀಪ

ಬಿಟ್ಟ ಜಾಗ ತುಂಬಿ
1. ಎರಡನೇ ಮಹಾಯುದ್ಧ ಮುಗಿದ ವರ್ಷ ________.
2. ಅಂಬಾಸಿಡರ್ ಕಾರಿನ ತಯಾರಿಕೆ ನಿಂತ ವರ್ಷ ________.
3. ಆಂಬ್ಯುಲೆನ್ಸ್ ಬೇಕಾದರೆ ________ಕ್ಕೆ ಫೋನ್ ಮಾಡಬೇಕು.

ಲೆಕ್ಕ ಮಾಡಿ
1. ಹಿಂದೆ ಒಂದು ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಿಂದ ಒಂದು ರೂಪಾಯಿಗೆ 100 ಪೈಸೆ ಆಯಿತು. ಹಾಗಾದರೆ ಎಂಟಾಣೆ ಎಂದರೆ ಎಷ್ಟು ಪೈಸೆ? ನಾಲ್ಕಾಣೆ ಎಂದರೆ ಎಷ್ಟು ಪೈಸೆ?
2. 1948ರಲ್ಲಿ 120 ಸರ್ಕಾರಿ ಬಸ್ಸು ಇದ್ದವು. ಒಂದು ಬಸ್ಸಿನಲ್ಲಿ 30 ಜನ ಕೂತರೆ, ಎಲ್ಲಾ ಬಸ್ಸಿನಲ್ಲಿ ಒಟ್ಟು ಎಷ್ಟು ಜನ?

ಕೂಡಿ ಮಾತನಾಡಿ
1. ನಿಮ್ಮ ಊರಿಗೆ ಮೊದಲು ಕಾರು ಬಂದದ್ದು ಯಾರಿಗೆ ನೆನಪಿದೆ? ಹಿರಿಯರನ್ನು ಕೇಳಿ ಬನ್ನಿ.
2. ಹಿಂದಿನ ಕಾಲದ ಯಾವ ಮಾತು ಒಳ್ಳೆಯದು? ಅದನ್ನು ಉಳಿಸುವುದು ಹೇಗೆ? ಯಾವುದು ಮತ್ತೆ ಬರಬಾರದು?
3. ಸಾಹುಕಾರರು ಆ ರಾತ್ರಿ ಕಾರು ಕಳಿಸಿದ್ದರೆ? ನೀವು ಅವರ ಮನೆಯ ಹೆಂಗಸಾಗಿದ್ದರೆ ಏನು ಹೇಳುತ್ತಿದ್ದಿರಿ?

ನೀವೇ ಮಾಡಿ
ರೇಷನ್ ಕಾರ್ಡು, ಮತದಾರರ ಪಟ್ಟಿ, ಬ್ಯಾಂಕಿನ ಪಾಸ್ ಬುಕ್ಕು ತೆಗೆದು ನೋಡಿ. ನಿಮ್ಮ ಹೆಸರು ಇದೆಯೇ? ಸರಿಯಾಗಿ ಬರೆದಿದ್ದಾರೆಯೇ? ತಪ್ಪಿದ್ದರೆ ಟೀಚರ್‌ಗೆ ತೋರಿಸಿ.

ಬರೆಯಿರಿ
ಮನೆಯ ಒಂದು ಹಳೆಯ ಫೋಟೋ ತನ್ನಿ. ಅದರಲ್ಲಿ ಇರುವ ಹೆಂಗಸರ ಹೆಸರು ಇಲ್ಲಿ ಬರೆಯಿರಿ.

________________________

________________________

ಈಗ ನಿಮ್ಮ ಹೆಸರು ಬರೆಯಿರಿ. ಅಕ್ಷರ ಸೊಟ್ಟ ಆದರೂ ಚಿಂತೆ ಇಲ್ಲ.

________________________